ಜೀವಕೋಶದ ಚಿತ್ರ: ಕಂಡದ್ದನ್ನು ನಂಬುವುದು ಹೇಗೆ?



ಜೀವಕೋಶವನ್ನು ಕುರಿತ ನಮ್ಮ ಮಾತುಕತೆಯ ಕಾರ್ಯಕ್ರಮದಲ್ಲಿ ಕೆಲವು ಸುಂದರ ಚಿತ್ರಗಳನ್ನು ನೀವು ತೆರೆಯ ಮೇಲೆ ನೋಡಿದಿರಿ. ಕಿತ್ತಳೆ ಬಣ್ಣದ ಮೈಟೊಕಾಂಡ್ರಿಯಾ, ನೀಲಿ ಬಣ್ಣದ ನ್ಯೂಕ್ಲಿಯಸ್, ಹಸಿರು ಪದರಗಳ ಗಾಲ್ಜಿ ಸಂಕೀರ್ಣ. ಚಿತ್ರೀಕರಣ ಮುಗಿದ ಮೇಲೆ, ಸ್ಟುಡಿಯೋದಲ್ಲಿ ಪ್ರೇಕ್ಷಕಳಾಗಿ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿ ನನ್ನ ಬಳಿ ಬಂದು, "ಮೇಡಂ, ಮೈಟೊಕಾಂಡ್ರಿಯಾ ನಿಜವಾಗಿಯೂ ಕಿತ್ತಳೆ ಬಣ್ಣ ಇರುತ್ತದೆಯೇ?" ಎಂದು ಕೇಳಿದಳು. ಇಲ್ಲ, ಮೂಲ ಚಿತ್ರ ಕಪ್ಪು ಬಿಳುಪಿನದು, ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ತುಂಬಿದ್ದಾರೆ ಎಂದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. "ಹಾಗಾದರೆ ಬಣ್ಣ ಬಿಟ್ಟು ಉಳಿದದ್ದೆಲ್ಲ ನಿಜ ಎಂದು ಹೇಗೆ ಗೊತ್ತಾಯಿತು?" ಎಂದಳು.

ಚಿತ್ರ ತೋರಿಸುವುದೇ ನಮ್ಮ ವೃತ್ತಿ. ಆದರೂ ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಯೋಚಿಸಿದಾಗ, ಕಳೆದ ನೂರೈವತ್ತು ವರ್ಷಗಳ ಜೀವಕೋಶ ವಿಜ್ಞಾನದ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತ ತಿರುಗಿದೆ ಎನ್ನಿಸಿತು. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲಾಗದ ಆ ಇತಿಹಾಸವನ್ನು ಇಲ್ಲಿ ನಿಮಗೆ ಹೇಳುತ್ತೇನೆ. ಮೊದಲು ಸುಳ್ಳೆಂದು ಶಂಕಿಸಿ ಕೊನೆಗೆ ನಿಜವೆಂದು ಒಪ್ಪಿಕೊಂಡ ಒಂದು ಅಂಗ ಇದರಲ್ಲಿದೆ. ಮೊದಲು ನಿಜವೆಂದು ನಂಬಿ ಕೊನೆಗೆ ಸುಳ್ಳೆಂದು ಕೈಬಿಟ್ಟ ಇನ್ನೊಂದು ಅಂಗವೂ ಇದೆ.

ಬೆಳಕಿನ ಗಡಿ

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಹೋಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅಲ್ಲಿ ಕಂಡ ಪುಟ್ಟ ಗೂಡುಗಳಿಗೆ 'ಸೆಲ್' ಎಂದು ಹೆಸರಿಟ್ಟನು. ಕೆಲವೇ ವರ್ಷಗಳಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲ್ಯೂವೆನ್‌ಹುಕ್ ತಾನೇ ಉಜ್ಜಿ ಮಾಡಿದ ಒಂಟಿ ಮಸೂರದಲ್ಲಿ ಬ್ಯಾಕ್ಟೀರಿಯಾಗಳನ್ನು ಕಂಡನು. ಈ ಕಥೆಯನ್ನು ನೀವು ಪಾಠದಲ್ಲಿ ಓದಿದ್ದೀರಿ. ಮಸೂರಗಳು ಉತ್ತಮಗೊಂಡಂತೆ ಕೋಶದ ಚಿತ್ರವೂ ಸ್ಪಷ್ಟವಾಗುತ್ತ ಬಂತು. ಹೀಗೆಯೇ ಮಸೂರಗಳನ್ನು ಸುಧಾರಿಸುತ್ತ ಹೋದರೆ ಎಷ್ಟು ಚಿಕ್ಕದನ್ನಾದರೂ ನೋಡಬಹುದು ಎಂದು ಎಲ್ಲರೂ ತಿಳಿದಿದ್ದರು.

ಅದು ಸಾಧ್ಯವಿಲ್ಲವೆಂದು 1873ರಲ್ಲಿ ತೋರಿಸಿದವನು ಜರ್ಮನಿಯ ಯೇನಾ ನಗರದ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ. ಕಾರ್ಲ್ ಝೈಸ್ ಎಂಬ ಸೂಕ್ಷ್ಮದರ್ಶಕ ತಯಾರಕನ ಜೊತೆ ಅವನು ಕೆಲಸ ಮಾಡುತ್ತಿದ್ದನು. ಬೆಳಕು ಅಲೆಯ ರೂಪದಲ್ಲಿ ಸಾಗುತ್ತದೆ. ಆ ಅಲೆಯ ಉದ್ದಕ್ಕೆ, ಅಂದರೆ ತರಂಗಾಂತರಕ್ಕೆ, ಹೋಲಿಸಿದರೆ ಅದರ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳು ಎಂಥ ಮಸೂರದಲ್ಲಿ ನೋಡಿದರೂ ಒಂದೇ ಮಸುಕು ಚುಕ್ಕೆಯಾಗಿ ಕಾಣುತ್ತವೆ. ಇದು ಮಸೂರದ ದೋಷವಲ್ಲ, ಬೆಳಕಿನ ಸ್ವಭಾವ.

ಈ ಗಡಿ ಎಷ್ಟು ಎಂಬುದನ್ನು ನ್ಯಾನೋಮೀಟರುಗಳಲ್ಲಿ ಹೇಳಬೇಕು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಿಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 80,000 ನ್ಯಾನೋಮೀಟರ್. ಅಬ್ಬೆಯ ಗಡಿ ಸುಮಾರು 200 ನ್ಯಾನೋಮೀಟರ್. ಕೋಶಪೊರೆಯ ದಪ್ಪವಾದರೋ 10 ನ್ಯಾನೋಮೀಟರಿಗಿಂತ ಕಡಿಮೆ. ಪ್ರೋಟೀನು ತಯಾರಿಸುವ ರೈಬೋಸೋಮಿನ ಅಡ್ಡಳತೆ 20ರಿಂದ 30 ನ್ಯಾನೋಮೀಟರ್. ಅಂದರೆ ಕೋಶವೆಂಬ ಊರಿನ ಬೀದಿಗಳನ್ನು ಬೆಳಕಿನ ಸೂಕ್ಷ್ಮದರ್ಶಕ ತೋರಿಸುತ್ತದೆ, ಮನೆಗಳೊಳಗಿನ ಪಾತ್ರೆ ಪಡಗಗಳನ್ನು ತೋರಿಸಲಾರದು.

ಒಂದು ಬಲೆಯ ವಿವಾದ

ಅಬ್ಬೆಯ ಲೇಖನ ಬಂದ 1873ರಲ್ಲೇ ಇಟಲಿಯ ವೈದ್ಯ ಕ್ಯಾಮಿಲ್ಲೊ ಗಾಲ್ಜಿ ನರಕೋಶಗಳಿಗೆ ಬೆಳ್ಳಿಯ ಲವಣದಿಂದ ಕಪ್ಪು ಬಣ್ಣ ಕಟ್ಟುವ ವಿಧಾನವನ್ನು ಪ್ರಕಟಿಸಿದನು. ಮುಂದೆ 1898ರಲ್ಲಿ ಗೂಬೆಯ ಮಿದುಳಿನ ಕೋಶಗಳನ್ನು ಹೀಗೆಯೇ ಸಂಸ್ಕರಿಸಿ ನೋಡುವಾಗ, ನ್ಯೂಕ್ಲಿಯಸ್ಸಿನ ಸುತ್ತ ಬಲೆಯಂಥ ಒಂದು ರಚನೆ ಅವನಿಗೆ ಕಂಡಿತು. ಅದನ್ನೇ ಇಂದು ನೀವು ಗಾಲ್ಜಿ ಸಂಕೀರ್ಣ ಎಂದು ಓದುತ್ತೀರಿ.

ಆದರೆ ಆ ಬಲೆ ಇದೆಯೋ ಇಲ್ಲವೋ ಎಂಬ ಜಗಳ ಅರ್ಧ ಶತಮಾನ ನಡೆಯಿತು. ಅನುಮಾನಪಟ್ಟವರು ಹೇಳುತ್ತಿದ್ದುದರಲ್ಲಿ ಅರ್ಥವಿತ್ತು. ಜೀವಂತ ಕೋಶದಲ್ಲಿ ಆ ಬಲೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಬೆಳ್ಳಿಯಲ್ಲೋ ಆಸ್ಮಿಯಂ ಎಂಬ ಲೋಹದ ಸಂಯುಕ್ತದಲ್ಲೋ ನೆನೆಸಿದರೆ ಮಾತ್ರ ಕಾಣುತ್ತಿತ್ತು. ಅದೂ ಒಂದು ಕೋಶದಲ್ಲಿ ಕಂಡರೆ ಪಕ್ಕದ ಕೋಶದಲ್ಲಿ ಕಾಣದು. ಒಬ್ಬರಿಗೆ ಬಲೆಯಾಗಿ ಕಂಡದ್ದು ಇನ್ನೊಬ್ಬರಿಗೆ ಹನಿಗಳಾಗಿ ಕಾಣುವುದು. ರಾಸಾಯನಿಕದಿಂದ ಸತ್ತ ಕೋಶದಲ್ಲಿ ಆ ರಾಸಾಯನಿಕವೇ ಹುಟ್ಟಿಸಿದ ಆಕಾರ ಇದಾಗಿರಬಾರದೇಕೆ? ಇಂಥ ಆಕಾರಕ್ಕೆ ವಿಜ್ಞಾನಿಗಳು 'ಆರ್ಟಿಫ್ಯಾಕ್ಟ್' ಎನ್ನುತ್ತಾರೆ. ನಾವು ಕೃತಕ ರಚನೆ ಎಂದು ಕರೆಯೋಣ. ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

1949ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಇಬ್ಬರು ವಿಜ್ಞಾನಿಗಳು ಗಾಲ್ಜಿಯ ಬಲೆ ಕೃತಕ ರಚನೆಯೇ ಎಂದು ವಾದಿಸಿದರು. ಕೋಶದಲ್ಲಿರುವ ಕೊಬ್ಬಿನ ಹನಿಗಳು ಸಂಸ್ಕರಣೆಯ ರಾಸಾಯನಿಕಗಳಿಂದ ಹರಡಿಕೊಂಡು ಬಲೆಯ ರೂಪ ತಾಳುತ್ತವೆ ಎಂಬುದು ಅವರ ವಾದ. ಆ ಇಬ್ಬರ ಹೆಸರು ಜಾರ್ಜ್ ಪಲಾಡೆ ಮತ್ತು ಆಲ್ಬರ್ಟ್ ಕ್ಲಾಡ್. ಇಬ್ಬರಿಗೂ ಮುಂದೆ ನೊಬೆಲ್ ಪಾರಿತೋಷಕ ಬಂತು. ಅವರ ವಾದ ಉಳಿಯಿತೇ ಎಂಬುದನ್ನು ತಿಳಿಯಲು ನಾವು ಹೊಸದೊಂದು ಯಂತ್ರದ ಹುಟ್ಟನ್ನು ನೋಡಬೇಕು.

ಬೆಳಕಿನ ಬದಲು ಎಲೆಕ್ಟ್ರಾನ್

ಮನೆಯಲ್ಲಿ ಹಿರಿಯರನ್ನು ಕೇಳಿದರೆ ಹಿಂದಿನ ದಪ್ಪ ಟೆಲಿವಿಷನ್ ಪೆಟ್ಟಿಗೆಗಳ ಬಗ್ಗೆ ಹೇಳುತ್ತಾರೆ. ಅದರ ಗಾಜಿನ ಕೊಳವೆಯ ಹಿಂಬದಿಯಿಂದ ಎಲೆಕ್ಟ್ರಾನುಗಳ ಕಿರಣ ಹೊರಟು, ತಂತಿ ಸುರುಳಿಗಳ ಕಾಂತಶಕ್ತಿಯಿಂದ ಬಾಗಿ, ಮುಂದಿನ ಪರದೆಯ ಮೇಲೆ ಚಿತ್ರ ಬರೆಯುತ್ತಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದೇ ವಂಶದ್ದು. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್ ಕ್ನೋಲ್ ಅವರ ತಂಡ ವಿದ್ಯುತ್ ತಂತಿಗಳಲ್ಲಿ ಏಳುವ ಹಠಾತ್ ಏರಿಳಿತಗಳನ್ನು ಅಳೆಯಲು ಇಂಥ ಕೊಳವೆಗಳನ್ನು ಸುಧಾರಿಸುತ್ತಿತ್ತು. ಆ ತಂಡದ ತರುಣ ಅರ್ನ್ಸ್ಟ್ ರುಸ್ಕಾ. ಗಾಜಿನ ಮಸೂರ ಬೆಳಕನ್ನು ಬಾಗಿಸುವಂತೆ ಕಾಂತಸುರುಳಿ ಎಲೆಕ್ಟ್ರಾನುಗಳನ್ನು ಬಾಗಿಸುತ್ತದೆ. ಎರಡು ಸುರುಳಿಗಳನ್ನು ಒಂದರ ಹಿಂದೆ ಒಂದಿಟ್ಟು ಇಬ್ಬರೂ 1931ರಲ್ಲಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಮಾಡಿದರು.

ಎಲೆಕ್ಟ್ರಾನಿಗೂ ಅಲೆಯ ಗುಣವಿದೆ ಎಂದು ಫ್ರಾನ್ಸಿನ ಲೂಯಿ ದ ಬ್ರಾಯ್ 1924ರಲ್ಲೇ ಹೇಳಿದ್ದನು. ರುಸ್ಕಾನಿಗೆ ಅದು ತಡವಾಗಿ ಗೊತ್ತಾಯಿತು. ಮತ್ತೆ ಅಲೆಯ ಕಾಟವೇ ಎಂದು ಅವನಿಗೆ ಮೊದಲು ನಿರಾಶೆಯಾಯಿತು. ಲೆಕ್ಕ ಹಾಕಿ ನೋಡಿದಾಗ ಧೈರ್ಯ ಬಂತು. ಹತ್ತಾರು ಸಾವಿರ ವೋಲ್ಟಿನಲ್ಲಿ ಓಡುವ ಎಲೆಕ್ಟ್ರಾನಿನ ತರಂಗಾಂತರ ಬೆಳಕಿನ ತರಂಗಾಂತರದ ಸುಮಾರು ಲಕ್ಷದಲ್ಲೊಂದು ಪಾಲು ಮಾತ್ರ! 1933ರ ಹೊತ್ತಿಗೆ ರುಸ್ಕಾ ಬೆಳಕಿನ ಸೂಕ್ಷ್ಮದರ್ಶಕವನ್ನು ಮೀರಿಸಿದನು. ಅವನಿಗೆ ನೊಬೆಲ್ ಬಂದದ್ದು 1986ರಲ್ಲಿ, ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ.

ಜೀವಶಾಸ್ತ್ರಜ್ಞರು ಮಾತ್ರ ಇದಕ್ಕೆ ಕುಣಿದಾಡಲಿಲ್ಲ. ಎಲೆಕ್ಟ್ರಾನುಗಳು ಗಾಳಿಯಲ್ಲಿ ಸರಾಗವಾಗಿ ಸಾಗಲಾರವು, ಯಂತ್ರದ ಒಳಗೆ ನಿರ್ವಾತ ಬೇಕು. ನಿರ್ವಾತದಲ್ಲಿ ಕೋಶದ ನೀರು ಆವಿಯಾಗಿ ಹೋಗುತ್ತದೆ. ಕಿರಣದ ಪೆಟ್ಟಿಗೆ ಉಳಿದದ್ದು ಸುಟ್ಟು ಕರಕಲಾಗುತ್ತದೆ. ಜೀವಕೋಶದಲ್ಲಿ ಬಹುಪಾಲು ನೀರೇ ಇರುವಾಗ, ನೀರಿಲ್ಲದ ಕೋಶದ ಚಿತ್ರಕ್ಕೆ ಏನು ಬೆಲೆ? ಬ್ರಸೆಲ್ಸಿನಲ್ಲಿ ಲಾಡಿಸ್ಲಾಸ್ ಮಾರ್ಟನ್ 1934ರಲ್ಲಿ ಕೀಟಾಹಾರಿ ಸಸ್ಯವೊಂದರ ಎಲೆಯನ್ನು ಆಸ್ಮಿಯಂನಲ್ಲಿ ಸಂಸ್ಕರಿಸಿ ಚಿತ್ರ ತೆಗೆದು, ದಾರಿ ಇದೆ ಎಂದು ತೋರಿಸಿದನು. ನಮ್ಮ ದೇಶದಲ್ಲಿ 1940ರ ದಶಕದಲ್ಲಿ ಕಲ್ಕತ್ತದಲ್ಲಿ ನೀರಜನಾಥ ದಾಸಗುಪ್ತ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕಟ್ಟಿದರು.

ಪಲಾಡೆಯ ಉಪ್ಪಿನಕಾಯಿ

ಇಡೀ ಜೀವಕೋಶವೊಂದರ ಮೊದಲ ಎಲೆಕ್ಟ್ರಾನ್ ಚಿತ್ರ ಪ್ರಕಟವಾದದ್ದು 1945ರಲ್ಲಿ. ಕೋಳಿಯ ಭ್ರೂಣದ ಕೋಶವನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳೆಸಿದವನು ಕೀತ್ ಪೋರ್ಟರ್. ಕ್ಲಾಡ್ ಅವನ ಜೊತೆಗಾರ. ಅವರಿದ್ದ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಆಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿರಲಿಲ್ಲ. ಶಾಯಿ ಬಣ್ಣಗಳ ಕೆಲಸ ಮಾಡುವ ಕಂಪನಿಯೊಂದರಲ್ಲಿದ್ದ ಯಂತ್ರವನ್ನು ಆಲ್ಬರ್ಟ್ ಫುಲ್ಲಮ್ ಎಂಬಾತನ ನೆರವಿನಿಂದ ಬಳಸಿಕೊಂಡರು. ಹಲವು ಚಿತ್ರಗಳನ್ನು ಜೋಡಿಸಿ ಮಾಡಿದ ಆ ಒಂದು ಚಿತ್ರದಲ್ಲಿ ಕೋಶದೊಳಗೆ ಹರಡಿದ ಜಾಲರಿಯಂಥದೊಂದು ಕಂಡಿತು. ಅದೇ ನೀವು ಓದುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್.

ಕ್ಲಾಡ್ ಬೆಲ್ಜಿಯಂನ ಹಳ್ಳಿಯವನು. ಹುಡುಗನಾಗಿದ್ದಾಗ ಶಾಲೆ ಬಿಟ್ಟು ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದವರಿಗೆ ಪ್ರೌಢಶಾಲೆಯ ಪ್ರಮಾಣಪತ್ರವಿಲ್ಲದೆಯೂ ವಿಶ್ವವಿದ್ಯಾಲಯ ಸೇರುವ ಅವಕಾಶ ದೊರೆತದ್ದರಿಂದ ವೈದ್ಯನಾದನು. ಪರೀಕ್ಷೆಯ ಅಂಕಗಳಿಗೆ ಹೆದರುವ ಗೆಳೆಯರು ಈ ಸಂಗತಿಯನ್ನು ಗಮನಿಸಬಹುದು.

ದಪ್ಪ ಅಂಗಾಂಶದ ಚಿತ್ರ ತೆಗೆಯಬೇಕಾದರೆ ಅದನ್ನು 50ರಿಂದ 100 ನ್ಯಾನೋಮೀಟರ್ ದಪ್ಪದ ಹೋಳುಗಳಾಗಿ ಕತ್ತರಿಸಬೇಕು. ಅಂದರೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು! ಕೋಶವನ್ನು ಮೊದಲು ಆಸ್ಮಿಯಂ ಸಂಯುಕ್ತದಲ್ಲಿ ನೆನೆಸಿ ಗಟ್ಟಿಗೊಳಿಸುತ್ತಾರೆ. ಆಲ್ಕೋಹಾಲಿನಿಂದ ನೀರನ್ನೆಲ್ಲ ಹೊರತೆಗೆಯುತ್ತಾರೆ. ಆ ಜಾಗದಲ್ಲಿ ಪ್ಲಾಸ್ಟಿಕ್ ತುಂಬುತ್ತಾರೆ. ಒಡೆದ ಗಾಜಿನ ಅಂಚಿನಿಂದಲೋ ವಜ್ರದ ಅಲಗಿನಿಂದಲೋ ಕತ್ತರಿಸುತ್ತಾರೆ. ಈ ಉಪಕರಣಗಳೆಲ್ಲ 1950ರಿಂದ 1953ರ ನಡುವೆ ಒಂದೊಂದಾಗಿ ಕೈಗೆ ಬಂದವು. ಕೊನೆಗೆ ಭಾರಲೋಹಗಳ ಲವಣ ಹಚ್ಚುತ್ತಾರೆ. ಚಿತ್ರದಲ್ಲಿ ಕಪ್ಪಾಗಿ ಕಾಣುವುದು ಹೆಚ್ಚಾಗಿ ಆ ಲೋಹ, ಕೋಶದ ವಸ್ತುವಲ್ಲ.

ಇಷ್ಟು ಹಿಂಸೆಯ ನಂತರ ಕೋಶ ತನ್ನ ರೂಪ ಉಳಿಸಿಕೊಂಡೀತೇ? ರುಮೇನಿಯಾದಿಂದ 1946ರಲ್ಲಿ ಅಮೆರಿಕಕ್ಕೆ ಬಂದ ಪಲಾಡೆಗೆ ಇದೇ ಚಿಂತೆ. ಆಸ್ಮಿಯಂ ಒಳಹೊಕ್ಕಂತೆ ಅಂಗಾಂಶ ಆಮ್ಲೀಯವಾಗುತ್ತದೆ, ಕೋಶ ಹಾಳಾಗುವುದು ಆಗಲೇ ಎಂದು ಅವನು ಕಂಡುಕೊಂಡನು. ಆಮ್ಲೀಯತೆ ಏರದಂತೆ ತಡೆಯುವ ದ್ರಾವಣವನ್ನು 1952ರಲ್ಲಿ ಪ್ರಕಟಿಸಿದನು. ಸಹೋದ್ಯೋಗಿಗಳು ಅದನ್ನು ತಮಾಷೆಗೆ 'ಪಲಾಡೆಯ ಉಪ್ಪಿನಕಾಯಿ' ಎನ್ನುತ್ತಿದ್ದರು. ಹೋಲಿಕೆ ಸರಿಯಾಗಿಯೇ ಇದೆ. ಉಪ್ಪಿನಕಾಯಿಯ ಮಿಡಿಯನ್ನು ನೋಡಿ ಮರದ ಮಿಡಿ ಹೇಗಿತ್ತೆಂದು ಊಹಿಸಬಹುದು, ಆದರೆ ಅದರ ಸುಕ್ಕುಗಳೆಲ್ಲ ಮರದಲ್ಲೇ ಇದ್ದವು ಎನ್ನಲಾಗದು.

ಎರಡು ದಾರಿ, ಒಂದೇ ಊರು

ಹಾಗಾದರೆ ಪಲಾಡೆ ತಾನು ಕಂಡದ್ದನ್ನು ಹೇಗೆ ನಂಬಿದನು? ಇಲ್ಲಿ ಕ್ಲಾಡ್ ಮೊದಲೇ ಹಾಕಿಕೊಟ್ಟಿದ್ದ ಇನ್ನೊಂದು ದಾರಿ ನೆರವಿಗೆ ಬಂತು. ಯಕೃತ್ತಿನ ಕೋಶಗಳನ್ನು ಮೃದುವಾಗಿ ಅರೆದು, ಆ ರಸವನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ರಭಸದಿಂದ ಗಿರ್ರನೆ ತಿರುಗಿಸುವುದು. ಭಾರವಾದ ನ್ಯೂಕ್ಲಿಯಸ್ಸುಗಳು ಮೊದಲು ತಳಕ್ಕಿಳಿಯುತ್ತವೆ. ವೇಗ ಹೆಚ್ಚಿಸಿದರೆ ಮೈಟೊಕಾಂಡ್ರಿಯಾ, ಇನ್ನೂ ಹೆಚ್ಚಿಸಿದರೆ ಅತಿ ಸಣ್ಣ ಕಣಗಳು. ಬೇರೆಬೇರೆಯಾದ ಈ ಭಾಗಗಳನ್ನು ಇಟ್ಟುಕೊಂಡು, ಯಾವುದು ಯಾವ ಕೆಲಸ ಮಾಡುತ್ತದೆ ಎಂದು ರಾಸಾಯನಿಕವಾಗಿ ಪರೀಕ್ಷಿಸಬಹುದು. ಉಸಿರಾಟದ ಕಿಣ್ವಗಳಿರುವುದು ಮೈಟೊಕಾಂಡ್ರಿಯಾದಲ್ಲಿ ಎಂದು ತಿಳಿದದ್ದು ಹೀಗೆ.

ಒಂದು ದಾರಿಯಲ್ಲಿ ಚಿತ್ರ, ಇನ್ನೊಂದು ದಾರಿಯಲ್ಲಿ ರಸಾಯನ. ಚಿತ್ರದ ದಾರಿಯಲ್ಲಿ ಆಗಬಹುದಾದ ತಪ್ಪು ರಸಾಯನದ ದಾರಿಯಲ್ಲಿ ಆಗುವಂಥದಲ್ಲ. ಹೀಗೆ ತಮ್ಮಷ್ಟಕ್ಕೆ ಹೊರಟ ಎರಡು ದಾರಿಗಳೂ ಒಂದೇ ಊರಿಗೆ ಬಂದು ಸೇರಿದರೆ, ಆ ಊರು ಇದೆಯೆಂದು ನಂಬಬಹುದು. 1955ರಲ್ಲಿ ಪಲಾಡೆ ರೆಟಿಕ್ಯುಲಮ್‌ನ ಪೊರೆಗೆ ಅಂಟಿದ ಪುಟ್ಟ ಕಣಗಳನ್ನು ಚಿತ್ರದಲ್ಲಿ ಕಂಡನು. ಮರುವರ್ಷ ಫಿಲಿಪ್ ಸೀಕೆವಿಟ್ಜ್ ಜೊತೆ ಸೇರಿ, ಸೆಂಟ್ರಿಫ್ಯೂಜಿನಲ್ಲಿ ಸಿಗುವ ಸಣ್ಣ ತುಣುಕುಗಳು ಇದೇ ಪೊರೆ ಮತ್ತು ಕಣಗಳ ಚೂರುಗಳೆಂದು ತೋರಿಸಿದನು. ಆ ಕಣಗಳಿಗೆ 1958ರಲ್ಲಿ ರೈಬೋಸೋಮ್ ಎಂಬ ಹೆಸರು ಬಂತು. ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ 2009ರ ನೊಬೆಲ್ ಬಂದದ್ದು ಇದೇ ರೈಬೋಸೋಮಿನ ಪರಮಾಣು ಮಟ್ಟದ ರಚನೆಯನ್ನು ಬಿಡಿಸಿದ್ದಕ್ಕಾಗಿ.

ಇನ್ನು ಗಾಲ್ಜಿಯ ಬಲೆ? 1954ರಲ್ಲಿ ಡಾಲ್ಟನ್ ಮತ್ತು ಫೆಲಿಕ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದರ ಮೇಲೊಂದು ಜೋಡಿಸಿದ ಚಪ್ಪಟೆ ಚೀಲಗಳ ರಾಶಿಯನ್ನು ಅದೇ ಜಾಗದಲ್ಲಿ ತೋರಿಸಿದರು. ಆದರೆ ಕಣ್ಣಿಗೆ ಕಂಡರೆ ಸಾಲದು, ಅದಕ್ಕೊಂದು ಕೆಲಸವೂ ಇರಬೇಕಲ್ಲ? ಆ ಕೆಲಸವನ್ನು ಕಂಡುಹಿಡಿದವನು, ಅದು ಸುಳ್ಳೆಂದು ಹಿಂದೆ ವಾದಿಸಿದ್ದ ಪಲಾಡೆಯೇ!

1960ರ ದಶಕದಲ್ಲಿ ಪಲಾಡೆ ಮತ್ತು ಜೇಮ್ಸ್ ಜೇಮಿಸನ್ ಗಿನಿಯಿಲಿಯ ಮೇದೋಜ್ಜೀರಕ ಗ್ರಂಥಿಯ ಕೋಶಗಳಿಗೆ ವಿಕಿರಣಶೀಲ ಅಮೈನೋ ಆಮ್ಲವನ್ನು ಕೇವಲ ಮೂರು ನಿಮಿಷ ಉಣಿಸಿದರು. ಆಮೇಲೆ ಸಾಮಾನ್ಯ ಆಹಾರ ಕೊಟ್ಟು, ಬೇರೆಬೇರೆ ಹೊತ್ತಿನಲ್ಲಿ ಕೋಶಗಳನ್ನು ಸಂಸ್ಕರಿಸಿ ಚಿತ್ರ ತೆಗೆದರು. ಹೊಸದಾಗಿ ತಯಾರಾದ ಪ್ರೋಟೀನು ಎಲ್ಲಿದೆಯೋ ಅಲ್ಲಿ ಚಿತ್ರದ ಮೇಲೆ ಕಪ್ಪು ಚುಕ್ಕೆಗಳು ಬೀಳುತ್ತವೆ. ಮೊದಲ ಚುಕ್ಕೆಗಳು ರೆಟಿಕ್ಯುಲಮ್‌ನಲ್ಲಿ ಕಂಡವು. ಸ್ವಲ್ಪ ಹೊತ್ತಿಗೆ ಗಾಲ್ಜಿಯ ಪ್ರದೇಶದಲ್ಲಿ. ಸುಮಾರು ಎರಡು ಗಂಟೆಯ ಹೊತ್ತಿಗೆ, ಹೊರಹೋಗಲು ಸಿದ್ಧವಾಗಿ ನಿಂತ ಉಂಡೆಗಳಲ್ಲಿ. ಪ್ರೋಟೀನು ಸಾಗುವ ದಾರಿ ಹೀಗೆ ತಿಳಿಯಿತು. ಗಾಲ್ಜಿ ಆ ದಾರಿಯ ನಿಲ್ದಾಣ, ಕೋಶದ ಅಂಚೆಕಚೇರಿಯಂಥದು. 1974ರಲ್ಲಿ ಕ್ಲಾಡ್, ಪಲಾಡೆ ಮತ್ತು ಕ್ರಿಸ್ಟಿಯಾನ್ ದ ದೂವ್ ನೊಬೆಲ್ ಹಂಚಿಕೊಂಡರು. ಇಪ್ಪತ್ತು ವರ್ಷದ ಹಿಂದೆ ತಾನು ಬರೆದದ್ದು ತಪ್ಪೆಂದು ತನ್ನ ಪ್ರಯೋಗವೇ ಹೇಳಿದಾಗ ಅದನ್ನು ಒಪ್ಪಿದ್ದು ಪಲಾಡೆಯ ದೊಡ್ಡತನ.

ಇಲ್ಲದ ಅಂಗ

ಈಗ ಇದಕ್ಕೆ ವಿರುದ್ಧವಾದ ಕಥೆ. 1950ರ ದಶಕದಲ್ಲಿ ಬ್ಯಾಕ್ಟೀರಿಯಾಗಳ ಹೋಳುಗಳನ್ನು ನೋಡುವಾಗ ಕೋಶಪೊರೆ ಅಲ್ಲಲ್ಲಿ ಒಳಕ್ಕೆ ಮಡಿಚಿಕೊಂಡು ಸುರುಳಿಯಂತೆ ಕಾಣುತ್ತಿತ್ತು. 1960ರಲ್ಲಿ ಅದಕ್ಕೆ ಮೀಸೋಸೋಮ್ ಎಂಬ ಹೆಸರು ಬಂತು. ಹೆಸರು ಬಂದ ಮೇಲೆ ಕೆಲಸವೂ ಬೇಕಾಯಿತು. ಬ್ಯಾಕ್ಟೀರಿಯಾಕ್ಕೆ ಮೈಟೊಕಾಂಡ್ರಿಯಾ ಇಲ್ಲವಲ್ಲ, ಉಸಿರಾಟ ಇಲ್ಲಿಯೇ ನಡೆಯುತ್ತದೆ ಎಂದರು. ಕೋಶ ವಿಭಜನೆಗೆ ನೆರವಾಗುತ್ತದೆ ಎಂದರು. ಡಿಎನ್ಎ ಅಂಟಿಕೊಳ್ಳುವ ಜಾಗ ಎಂದರು. ಚಿತ್ರ ಪ್ರಯೋಗಾಲಯದಿಂದ ಪಠ್ಯಪುಸ್ತಕಕ್ಕೆ ಇಳಿಯಿತು.

1970ರ ದಶಕದಲ್ಲಿ ಅನುಮಾನಗಳು ಎದ್ದವು. ಸಂಸ್ಕರಣೆಯ ವಿಧಾನ ಬದಲಾಯಿಸಿದರೆ ಮೀಸೋಸೋಮುಗಳ ಸಂಖ್ಯೆ, ಗಾತ್ರ ಬದಲಾಗುತ್ತಿತ್ತು. ರಾಸಾಯನಿಕ ಮುಟ್ಟಿಸದೆ ಥಟ್ಟನೆ ಹೆಪ್ಪುಗಟ್ಟಿಸಿದ ಬ್ಯಾಕ್ಟೀರಿಯಾಗಳಲ್ಲಿ ಅವು ಕಾಣಸಿಗುತ್ತಿರಲಿಲ್ಲ. ರಸಾಯನದ ದಾರಿಯಲ್ಲಿ ಹೋದವರಿಗೂ ಮೀಸೋಸೋಮಿಗೇ ವಿಶಿಷ್ಟವಾದ ಕೆಲಸ ಯಾವುದೂ ಗಟ್ಟಿಯಾಗಿ ಸಿಗಲಿಲ್ಲ. ಗಾಲ್ಜಿಗೆ ದೊರೆತ ಎರಡನೆಯ ದಾರಿಯ ಸಾಕ್ಷಿ ಮೀಸೋಸೋಮಿಗೆ ದೊರೆಯಲಿಲ್ಲ. ಸಂಸ್ಕರಣೆಯ ಪೆಟ್ಟಿಗೆ ಪೊರೆ ಮುದುಡಿಕೊಂಡು ಆದ ಕೃತಕ ರಚನೆ ಅದು ಎಂಬ ತೀರ್ಮಾನಕ್ಕೆ ವಿಜ್ಞಾನಿಗಳು ಬಂದರು. ಕೆಲವು ಔಷಧಗಳಿಂದ ಪೊರೆಗೆ ಹಾನಿಯಾದ ಬ್ಯಾಕ್ಟೀರಿಯಾಗಳಲ್ಲೂ ಅಂಥ ಸುರುಳಿ ಕಾಣಬಹುದು ಎಂದು ಮುಂದೆ ತಿಳಿಯಿತು. ಹೀಗೆ ಒಂದು ಕಾಲದ ಅಂಗ ಈಗ ಗಾಯದ ಗುರುತಾಗಿದೆ.

ಆದರೆ ಪಠ್ಯಪುಸ್ತಕಗಳಿಂದ ಅದು ಅಷ್ಟು ಬೇಗ ಹೋಗಲಿಲ್ಲ. ನಾನು ಬಿ.ಎಸ್ಸಿ. ಓದುವಾಗಲೂ ಬ್ಯಾಕ್ಟೀರಿಯಾದ ಚಿತ್ರದಲ್ಲಿ ಮೀಸೋಸೋಮನ್ನು ನೀಟಾಗಿ ಬರೆದು, ಗೆರೆ ಎಳೆದು ಹೆಸರು ಗುರುತಿಸಿ, ಪೂರ್ಣ ಅಂಕ ಪಡೆದೆ. ಅದು ಇಲ್ಲವೆಂದು ವಿಜ್ಞಾನಿಗಳು ಹೇಳಿ ಆಗಲೇ ಎಷ್ಟೋ ವರ್ಷಗಳಾಗಿದ್ದವು.

ನೀರನ್ನು ಗಾಜಾಗಿಸಿದವರು

ತೊಂದರೆಯ ಮೂಲ ನೀರು. ನೀರನ್ನು ತೆಗೆದರೆ ಕೋಶ ಮುದುಡುತ್ತದೆ. ಹಾಗೆಯೇ ಹೆಪ್ಪುಗಟ್ಟಿಸಿದರೆ ಮಂಜುಗಡ್ಡೆಯ ಹರಳುಗಳು ಕೋಶವನ್ನು ಸೀಳುತ್ತವೆ. ಹರಳಾಗಲು ಸಮಯವೇ ಸಿಗದಷ್ಟು ವೇಗವಾಗಿ ತಣ್ಣಗಾಗಿಸಿದರೆ? ಆಗ ನೀರಿನ ಅಣುಗಳು ಇದ್ದಲ್ಲೇ ನಿಂತು, ನೀರು ಗಾಜಿನಂತೆ ಗಟ್ಟಿಯಾಗುತ್ತದೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಸ್ವಿಸ್ ವಿಜ್ಞಾನಿ ಜಾಕ್ ದುಬೋಶೆ ಮತ್ತು ಅವನ ಸಹಾಯಕ ಅಲಸ್ಡೇರ್ ಮೆಕ್‌ಡೊವಾಲ್ 1981ರಲ್ಲಿ ಸೂಕ್ಷ್ಮದರ್ಶಕಕ್ಕೆ ಒಗ್ಗುವ ತೆಳುವಾದ ಪದರದಲ್ಲಿ ಇದನ್ನು ಸಾಧಿಸಿದರು. ದ್ರವ ಸಾರಜನಕದಿಂದ ತಂಪುಗೊಳಿಸಿದ ಈಥೇನಿನಲ್ಲಿ ಮಾದರಿಯನ್ನು ಥಟ್ಟನೆ ಮುಳುಗಿಸುವುದು ಅವರ ತಂಡ ರೂಢಿಗೆ ತಂದ ವಿಧಾನ. ರಾಸಾಯನಿಕವಿಲ್ಲ, ಲೋಹದ ಬಣ್ಣವಿಲ್ಲ, ನೀರು ಇದ್ದಂತೆಯೇ ಇದೆ. 1983ರಲ್ಲಿ ದುಬೋಶೆಯ ತಂಡ ಹೀಗೆ ಗಾಜಾಗಿಸಿದ ಬ್ಯಾಕ್ಟೀರಿಯಾಗಳ ಹೋಳುಗಳನ್ನು ನೋಡಿತು. ಮೀಸೋಸೋಮ್ ಅಲ್ಲಿರಲಿಲ್ಲ.

ಇದನ್ನು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶನ ಎನ್ನುತ್ತಾರೆ. ಅದಕ್ಕೆ ಇನ್ನೊಂದು ಕಷ್ಟವಿತ್ತು. ಮಾದರಿ ಸುಡದಿರಲೆಂದು ಕಿರಣವನ್ನು ತೀರ ಮಂದವಾಗಿ ಬಿಡಬೇಕು, ಆಗ ಚಿತ್ರ ಚುಕ್ಕೆಗಳ ಗದ್ದಲದಲ್ಲಿ ಮುಳುಗುತ್ತದೆ. ಹಿಂದೆ ಟಿ.ವಿ. ಪ್ರಸಾರ ನಿಂತಾಗ ತೆರೆಯ ಮೇಲೆ ಕಾಣುತ್ತಿದ್ದ ಚುಕ್ಕೆಗಳ ಮಳೆಯಂತೆ. ಒಂದೇ ಬಗೆಯ ಸಾವಿರಾರು ಕಣಗಳ ಮಸುಕು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ ಸರಾಸರಿ ತೆಗೆಯುವ ವಿಧಾನವನ್ನು ಯೋಆಖಿಮ್ ಫ್ರಾಂಕ್ ರೂಪಿಸಿದನು. ರಿಚರ್ಡ್ ಹೆಂಡರ್ಸನ್ 1990ರಲ್ಲಿ ಒಂದು ಪ್ರೋಟೀನಿನ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದಲೇ ಪರಮಾಣುಗಳ ಮಟ್ಟದಲ್ಲಿ ತೋರಿಸಿದನು. 2017ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೆ ಸಂದಿತು.

ಇದರ ಬೆಲೆ ಏನೆಂದು 2020ರಲ್ಲಿ ಲೋಕಕ್ಕೆ ತಿಳಿಯಿತು. ಕೊರೋನಾ ವೈರಸ್ಸಿನ ಆನುವಂಶಿಕ ಬರಹ ಜನವರಿಯಲ್ಲಿ ಪ್ರಕಟವಾಯಿತು. ಫೆಬ್ರವರಿ ಕಳೆಯುವ ಮೊದಲೇ ಅದರ ಮುಳ್ಳಿನ ಪ್ರೋಟೀನಿನ ಆಕಾರವನ್ನು ಕ್ರಯೋ ವಿಧಾನದಿಂದ ಬಿಡಿಸಲಾಗಿತ್ತು. ಹಲವು ಲಸಿಕೆಗಳ ಗುರಿ ಆ ಮುಳ್ಳೇ.

ಗದ್ದಲದಲ್ಲಿ ಮೂಡಿದ ಮುಖ

ಇಷ್ಟು ಒಳ್ಳೆಯ ಯಂತ್ರವನ್ನಾದರೂ ಕಣ್ಣುಮುಚ್ಚಿ ನಂಬಬಹುದೇ? 2013ರಲ್ಲಿ ಹೆಂಡರ್ಸನ್ ತನ್ನದೇ ಕ್ಷೇತ್ರದವರಿಗೆ ಒಂದು ಎಚ್ಚರಿಕೆ ಬರೆದನು. ಅದಕ್ಕೆ ಆಧಾರ ಒಂದು ವಿಚಿತ್ರ ಪರೀಕ್ಷೆ. ಏನೂ ಇಲ್ಲದ, ಬರೀ ಚುಕ್ಕೆಗಳ ಗದ್ದಲವಿರುವ ಸಾವಿರ ಚಿತ್ರಗಳನ್ನು ತೆಗೆದುಕೊಳ್ಳಿ. ಐನ್‌ಸ್ಟೈನರ ಭಾವಚಿತ್ರವನ್ನು ಮಾದರಿಯಾಗಿಟ್ಟು, ಪ್ರತಿ ಚಿತ್ರವನ್ನೂ ಅದಕ್ಕೆ ಎಷ್ಟು ಹೊಂದೀತೋ ಅಷ್ಟು ಹೊಂದಿಸಲು ಕಂಪ್ಯೂಟರಿಗೆ ಹೇಳಿ. ಆಮೇಲೆ ಸರಾಸರಿ ತೆಗೆಯ. ಗದ್ದಲದೊಳಗಿಂದ ಐನ್‌ಸ್ಟೈನರ ಮುಖ ಮೂಡಿ ಬರುತ್ತದೆ! ಮುಖ ಅಲ್ಲಿರಲಿಲ್ಲ, ಹುಡುಕುವವನ ನಿರೀಕ್ಷೆಯಲ್ಲಿತ್ತು.

ಇದಕ್ಕೂ ಮದ್ದು ಹಳೆಯದೇ. ಸಂಗ್ರಹಿಸಿದ ಚಿತ್ರಗಳನ್ನು ಎರಡು ಪಾಲು ಮಾಡಿ, ಒಂದಕ್ಕೊಂದು ಗೊತ್ತಾಗದಂತೆ ಬೇರೆಬೇರೆಯಾಗಿ ಲೆಕ್ಕ ಹಾಕುವುದು. ಎರಡೂ ಒಂದೇ ಆಕಾರಕ್ಕೆ ಬಂದರೆ ಮಾತ್ರ ನಂಬುವುದು.

ಬೆಳಕು ಮರಳಿ ಬಂತು

ಎಲೆಕ್ಟ್ರಾನ್ ಚಿತ್ರದಲ್ಲಿರುವ ಕೋಶ ಎಷ್ಟೇ ಸ್ಪಷ್ಟವಾಗಿದ್ದರೂ ಅದು ನಿಂತುಹೋದ ಕೋಶ. ಬದುಕಿರುವ ಕೋಶವನ್ನು ನೋಡಲು ಬೆಳಕೇ ಬೇಕು, ಬೆಳಕಿಗೆ ಅಬ್ಬೆಯ ಗಡಿ ಇದೆ. ಆ ಗಡಿಯನ್ನು ದಾಟದೆಯೇ ಅದನ್ನು ಬಳಸಿ ಮುಂದೆ ಹೋಗುವ ಉಪಾಯ ರುಮೇನಿಯಾದಲ್ಲಿ ಹುಟ್ಟಿದ ಸ್ಟೆಫಾನ್ ಹೆಲ್ ಎಂಬ ತರುಣನಿಗೆ ಫಿನ್ಲೆಂಡಿನಲ್ಲಿದ್ದಾಗ ಹೊಳೆಯಿತು. 1994ರಲ್ಲಿ ಅದನ್ನು ಪ್ರಕಟಿಸಿದನು. ಒಂದು ಲೇಸರಿನಿಂದ ಅಣುಗಳನ್ನು ಹೊಳೆಯುವಂತೆ ಮಾಡಿ, ಉಂಗುರದಾಕಾರದ ಇನ್ನೊಂದು ಲೇಸರಿನಿಂದ ಸುತ್ತಲಿನ ಹೊಳಪನ್ನು ಆರಿಸಿಬಿಡುವುದು. ನಡುವೆ ಉಳಿಯುವ ಚುಕ್ಕೆ ಗಡಿಗಿಂತ ಎಷ್ಟೋ ಚಿಕ್ಕದು.

ಎರಡನೆಯ ಉಪಾಯ ಅಮೆರಿಕದ ಎರಿಕ್ ಬೆಟ್ಜಿಗ್‌ನದು. ಸಂಶೋಧನೆ ಬಿಟ್ಟು ತಂದೆಯ ಯಂತ್ರೋಪಕರಣ ಕಂಪನಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ ಈತ, ಮತ್ತೆ ವಿಜ್ಞಾನಕ್ಕೆ ಮರಳಿದಾಗ ಪ್ರಯೋಗಾಲಯವಿರಲಿಲ್ಲ. ಗೆಳೆಯ ಹೆರಾಲ್ಡ್ ಹೆಸ್‌ನ ಮನೆಯ ಕೋಣೆಯಲ್ಲೇ ಇಬ್ಬರೂ ಸೂಕ್ಷ್ಮದರ್ಶಕ ಕಟ್ಟಿದರು. ಎಲ್ಲ ಅಣುಗಳನ್ನೂ ಒಟ್ಟಿಗೆ ಬೆಳಗಿಸದೆ, ಒಂದು ಸಲಕ್ಕೆ ಕೆಲವನ್ನೇ ಬೆಳಗಿಸಿ, ಪ್ರತಿ ಮಸುಕು ಚುಕ್ಕೆಯ ನಡುಬಿಂದುವನ್ನು ಗುರುತಿಸುತ್ತ ಹೋಗುವುದು ಅವರ ವಿಧಾನ. ದೀಪಾವಳಿಯ ಹಣತೆಗಳನ್ನು ದೂರದಿಂದ ಒಟ್ಟಿಗೆ ನೋಡಿದರೆ ಬೆಳಕಿನ ಮುದ್ದೆ. ಒಂದೊಂದನ್ನೇ ಹಚ್ಚಿ ಆರಿಸುತ್ತ ನೋಡಿದರೆ ಪ್ರತಿಯೊಂದರ ಜಾಗವೂ ತಿಳಿಯುತ್ತದೆ. ಇದು ಪ್ರಕಟವಾದದ್ದು 2006ರಲ್ಲಿ. ಒಂಟಿ ಅಣುವನ್ನು ಬೆಳಕಿನಿಂದ ಗುರುತಿಸಬಹುದೆಂದು 1989ರಲ್ಲೇ ತೋರಿಸಿದ್ದ ವಿಲಿಯಂ ಮರ್ನರ್ ಜೊತೆ ಇವರಿಬ್ಬರಿಗೆ, ಅಂದರೆ ಹೆಲ್ ಮತ್ತು ಬೆಟ್ಜಿಗ್‌ಗೆ, 2014ರ ನೊಬೆಲ್ ಸಂದಿತು.

ಹಳೆಯ ಪ್ರಶ್ನೆ ಇಲ್ಲಿಯೂ ಬೆನ್ನು ಬಿಡಲಿಲ್ಲ. ಒಂದೇ ಅಣು ಹಲವು ಸಲ ಮಿನುಗಿದರೆ ಲೆಕ್ಕದಲ್ಲಿ ಹಲವು ಅಣುಗಳಾಗಿ, ಇಲ್ಲದ ಗುಂಪೊಂದು ಚಿತ್ರದಲ್ಲಿ ಕಾಣುತ್ತದೆ. ಇದಕ್ಕಾಗಿ ಬೇರೆ ದಾರಿಯ ಸಾಕ್ಷಿಯನ್ನು ಕೇಳುತ್ತಾರೆ.

ಅಂಥ ಬೇರೆ ದಾರಿಯೊಂದರ ಒಳ್ಳೆಯ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಜಿ.ಕೆ.ವಿ.ಕೆ. ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರ ತಂಡ 1998ರಲ್ಲಿ, ಬದುಕಿರುವ ಕೋಶದ ಪೊರೆಯಲ್ಲಿ ಕೆಲವು ಪ್ರೋಟೀನುಗಳು ನೂರು ನ್ಯಾನೋಮೀಟರಿಗಿಂತ ಚಿಕ್ಕ ಗುಂಪುಗಳಲ್ಲಿರುತ್ತವೆ ಎಂದು ತೋರಿಸಿತು. ಅವರು ಆ ಗುಂಪುಗಳ ಚಿತ್ರ ತೆಗೆಯಲಿಲ್ಲ. ಹೊಳೆಯುವ ಎರಡು ಅಣುಗಳು ಹತ್ತು ನ್ಯಾನೋಮೀಟರಿಗಿಂತ ಹತ್ತಿರ ಬಂದರೆ ಒಂದರ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ. ಆ ದಾಟುವಿಕೆಯನ್ನು ಅಳೆದು, ಅಣುಗಳು ಎಷ್ಟು ಹತ್ತಿರವಿವೆ ಎಂದು ತಿಳಿದರು. ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ರಾಷ್ಟ್ರೀಯ ಸೌಲಭ್ಯವೂ ಈಗ ಅದೇ ಆವರಣದಲ್ಲಿದೆ.

ನಿಮ್ಮ ಪ್ರಯೋಗಾಲಯದಲ್ಲಿ

ಆ ವಿದ್ಯಾರ್ಥಿನಿಗೆ ಈಗ ಹೀಗೆ ಹೇಳಬಲ್ಲೆ. ಒಂದು ಚಿತ್ರ ನಿಜವೆಂದು ಆ ಚಿತ್ರವೇ ಹೇಳಲಾರದು. ಅದನ್ನು ಹೇಗೆ ತೆಗೆದರು ಎಂದು ಕೇಳಬೇಕು. ಬೇರೆ ವಿಧಾನದಲ್ಲಿ ನೋಡಿದರೂ ಅದು ಕಾಣುತ್ತದೆಯೇ, ಅದಕ್ಕೊಂದು ಕೆಲಸ ಇದೆಯೇ ಎಂದು ಕೇಳಬೇಕು. ಗಾಲ್ಜಿ ಸಂಕೀರ್ಣ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಉಳಿಯಿತು. ಮೀಸೋಸೋಮಿಗೆ ಕೊಡಲಾಗಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುವ ಗಾದೆಯೂ ಇದನ್ನೇ ಹೇಳುತ್ತದೆ.

ಮುಂದಿನ ಸಲ ಪ್ರಯೋಗಾಲಯದಲ್ಲಿ ಈರುಳ್ಳಿಯ ಪೊರೆಗೆ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಒಂದು ಕೆಲಸ ಮಾಡಿ. ಅಯೋಡಿನ್ ಹಾಕದ ಇನ್ನೊಂದು ಪೊರೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಯಾವುದು ಈರುಳ್ಳಿಯದು, ಯಾವುದು ಅಯೋಡಿನ್ನಿನದು ಎಂದು ಬರೆದುಕೊಳ್ಳಿ. ಕಪ್ಪು ಅಂಚಿನ ಚಂದದ ದುಂಡು ಆಕಾರವೊಂದು ಕಂಡರೆ ಅದನ್ನು ಕೋಶವೆಂದು ಬರೆಯುವ ಮೊದಲು ಗಾಜನ್ನು ಸ್ವಲ್ಪ ಒತ್ತಿ ನೋಡಿ. ಜಾರಿ ಹೋದರೆ ಅದು ಗಾಳಿಗುಳ್ಳೆ.